ಕಾರಿನ ಕೀಲಿ ಯಾರ ಕೈಯಲ್ಲಿ: ಯುವ ಬರಹಗಾರರಿಗೆ ಒಂದು ಪತ್ರ

ಪ್ರಿಯ ಮಿತ್ರರೇ,

ಹಾಲಿವುಡ್ಡಿನ ಹಳೆಯ ಅಪರಾಧ ಚಿತ್ರಗಳನ್ನು ಕುರಿತ ನಿಮ್ಮ ಲೇಖನದ ಕರಡನ್ನು ಓದಿದೆ. ಯಾವ ಚಿತ್ರದಲ್ಲಿ ಎಷ್ಟು ಮಂದಿ ಕಪ್ಪು ಜನರು, ಎಷ್ಟು ಮಂದಿ ಏಷ್ಯಾ ಮೂಲದವರು ಕಾಣಿಸಿಕೊಂಡಿದ್ದಾರೆ ಎಂಬುದನ್ನು ಶ್ರಮಪಟ್ಟು ಲೆಕ್ಕ ಹಾಕಿದ್ದೀರಿ. ಆ ಲೆಕ್ಕ ಬೇಕು. ಆದರೆ ತೆರೆಯ ಮೇಲೆ ಬಂದ ಮೇಲೆ ಅವರಿಗೆ ಕಥೆಯೊಳಗೆ ಯಾವ ಹಕ್ಕು ಸಿಕ್ಕಿತು ಎಂಬುದನ್ನು ಅದು ಹೇಳಲಾರದು.

1959ರ ‘ಆಡ್ಸ್ ಅಗೇನ್ಸ್ಟ್ ಟುಮಾರೊ’ ಚಿತ್ರವನ್ನು ಮತ್ತೊಮ್ಮೆ ನೋಡಿ. ರಾಬರ್ಟ್ ವೈಸ್ ನಿರ್ದೇಶಿಸಿದ ಈ ಚಿತ್ರವನ್ನು ಹ್ಯಾರಿ ಬೆಲಫಾಂಟೆ ತಮ್ಮ ಸಂಸ್ಥೆಯಿಂದಲೇ ನಿರ್ಮಿಸಿ, ಸಾಲದಲ್ಲಿ ಮುಳುಗಿದ ಗಾಯಕ ಇಂಗ್ರಾಮನ ಪಾತ್ರವನ್ನೂ ವಹಿಸಿದರು. ಚಿತ್ರಕಥೆ ಬರೆದ ಅಬ್ರಹಾಂ ಪೊಲಾನ್ಸ್ಕಿ ಹಾಲಿವುಡ್ಡಿನ ಬಹಿಷ್ಕೃತರ ಪಟ್ಟಿಯಲ್ಲಿ (ಕಮ್ಯುನಿಸ್ಟರೆಂಬ ಶಂಕೆಯಿಂದ ಕೆಲಸ ನಿರಾಕರಿಸಲ್ಪಟ್ಟವರ ಪಟ್ಟಿ) ಇದ್ದುದರಿಂದ, ಅವರ ಬದಲು ಕಪ್ಪು ಕಾದಂಬರಿಕಾರ ಜಾನ್ ಒ. ಕಿಲೆನ್ಸ್ ಅವರ ಹೆಸರನ್ನು ಹಾಕಲಾಯಿತು. ಕಥೆಯಲ್ಲಿ ಮೂವರು ಸೇರಿ ಹೂಡುವ ಬ್ಯಾಂಕ್ ದರೋಡೆಯ ಸಂಚು ಇಷ್ಟು: ರಾತ್ರಿ ಬ್ಯಾಂಕಿಗೆ ಕಾಫಿ ತರುವ ಕಪ್ಪು ಪರಿಚಾರಕನ ವೇಷದಲ್ಲಿ ಇಂಗ್ರಾಮ್ ಬಾಗಿಲು ತೆಗೆಸಬೇಕು. ಪರಿಚಾರಕನ ಉಡುಪನ್ನು ಕಂಡವರು ಮುಖವನ್ನು ನೋಡಲಾರರು ಎಂಬ ಭರವಸೆಯ ಮೇಲೆಯೇ ದರೋಡೆ ನಿಂತಿದೆ. ಅದು ಕುಸಿಯುವುದೂ ಅಂಥದೇ ಕುರುಡಿನಿಂದ. ಸಂಚಿನ ಪಾಲುದಾರರಲ್ಲೊಬ್ಬನಾದ ಬಿಳಿಯ ಸ್ಲೇಟರ್ (ರಾಬರ್ಟ್ ರಯಾನ್ ನಟಿಸಿದ ಪಾತ್ರ) ಪರಾರಿಗೆಂದು ಇಟ್ಟ ಕಾರಿನ ಕೀಲಿ ಇಂಗ್ರಾಮನ ಕೈಗೆ ಹೋಗಲು ಒಪ್ಪುವುದಿಲ್ಲ. ಕೀಲಿ ಮೂರನೆಯವನ ಪಾಲಾಗುತ್ತದೆ. ಅವನು ಗುಂಡೇಟು ತಿಂದು ಬಿದ್ದಾಗ ಉಳಿದಿಬ್ಬರಿಗೂ ಕಾರು ದಕ್ಕದೆ ಹೋಗುತ್ತದೆ. ಜನಾಂಗದ್ವೇಷದ ಮಾತುಗಳು ಚಿತ್ರದಲ್ಲಿ ಸಾಕಷ್ಟಿವೆ, ಆದರೆ ನನಗೆ ದೊಡ್ಡದಾಗಿ ಕಾಣುವುದು ಆ ದ್ವೇಷ ಸಂಚಿನ ಒಳಗೇ ಕೂತು ಅದನ್ನು ಕೆಡಿಸುವ ಬಗೆ. ನಿಮ್ಮ ಕರಡಿನಲ್ಲಿ ಕೀಲಿಯ ಪ್ರಸ್ತಾಪವೇ ಇಲ್ಲ.

ಅದೇ ವರ್ಷ ಸ್ಯಾಮ್ಯುಯೆಲ್ ಫುಲ್ಲರ್ ‘ದಿ ಕ್ರಿಮ್ಸನ್ ಕಿಮೋನೊ’ ತೆಗೆದರು. 1930ರ ದಶಕದಲ್ಲಿ ಚೀನೀ ಪತ್ತೇದಾರ ಚಾರ್ಲಿ ಚಾನ್ ಆಗಿ ಸ್ವೀಡನ್ನಿನಲ್ಲಿ ಹುಟ್ಟಿದ ವಾರ್ನರ್ ಓಲಂಡ್ ನಟಿಸುತ್ತಿದ್ದ ಉದ್ಯಮದಲ್ಲಿ, ಇಲ್ಲಿ ಜಪಾನೀ ಮೂಲದವರೇ ಆದ ಜೇಮ್ಸ್ ಶಿಗೆಟಾ ಲಾಸ್ ಏಂಜಲೀಸಿನ ಅದೇ ಮೂಲದ ಪತ್ತೇದಾರನಾಗಿ ಬಂದು, ಬಿಳಿಯ ಹೆಣ್ಣೊಬ್ಬಳನ್ನು ಪ್ರೀತಿಸಿ ಅವಳ ಪ್ರೀತಿಯನ್ನೂ ಪಡೆಯುತ್ತಾನೆ. ಬಿಳಿಯ ಗೆಳೆಯನ ಹೊಟ್ಟೆಕಿಚ್ಚನ್ನು ಅವನು ಜನಾಂಗದ್ವೇಷವೆಂದು ತಪ್ಪಾಗಿ ಓದುತ್ತಾನೆ. ಇದರಿಂದ ಬಿಳಿಯ ಸಮಾಜ ತುಸು ಸುಲಭವಾಗಿ ಪಾರಾಯಿತು ಎಂಬ ಅಸಮಾಧಾನ ನನಗಿದೆ. ಆದರೂ ನಾಯಕನೊಬ್ಬನಿಗಿರುವಂತೆ ತಪ್ಪು ತಿಳಿಯುವ, ನೊಂದುಕೊಳ್ಳುವ ಹಕ್ಕನ್ನು ಅವನಿಗೂ ಕೊಟ್ಟದ್ದು ಸಣ್ಣ ಸಂಗತಿಯಲ್ಲ. 1934ರಿಂದ ಬಿಗಿಯಾಗಿ ಜಾರಿಯಾದ ನಿರ್ಮಾಣ ಸಂಹಿತೆ (ತೆರೆಯ ಮೇಲೆ ಏನು ತೋರಿಸಬಹುದೆಂದು ಹಾಲಿವುಡ್ ತಾನೇ ಹಾಕಿಕೊಂಡ ನಿಯಮಾವಳಿ) ಕಪ್ಪು–ಬಿಳಿ ಜನರ ನಡುವಿನ ಪ್ರಣಯವನ್ನೇ ತೆರೆಯಿಂದ ದೂರವಿಟ್ಟಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಬರೆಯಿರಿ.

ಇನ್ನೊಂದು ಮಾತು. 1947ರ ‘ಔಟ್ ಆಫ್ ದಿ ಪಾಸ್ಟ್’ ಎದುರಿಗೆ ನೀವು ‘ಮನೆಗೆಲಸದವಳು, ಒಂದು ದೃಶ್ಯ’ ಎಂದಷ್ಟೇ ಬರೆದಿದ್ದೀರಿ. ಆ ದೃಶ್ಯದಲ್ಲಿ ಅವಳು ಕೆಲಸದ ಮನೆಯಲ್ಲಿಲ್ಲ; ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್ಮಿನ ಕ್ಲಬ್ಬಿನಲ್ಲಿ, ತನ್ನವರ ನಡುವೆ, ಚೆಂದದ ಉಡುಪಿನಲ್ಲಿ ಕೂತಿದ್ದಾಳೆ, ಮಾಹಿತಿ ಬೇಕಾದ ಬಿಳಿಯ ಪತ್ತೇದಾರನೇ ಅವಳ ಮೇಜಿಗೆ ಬರುತ್ತಾನೆ. ಆ ನಟಿ ಥೆರೆಸಾ ಹ್ಯಾರಿಸ್. ಅವರ ಹೆಸರನ್ನು ಸೇರಿಸಿ, ಆ ಒಂದು ಸಾಲನ್ನು ಪೂರ್ತಿ ಪುಟವಾಗಿ ಬೆಳೆಸಿ, ಕರಡನ್ನು ನನಗೆ ಮತ್ತೆ ಕಳುಹಿಸಿ.

ನಿಮ್ಮ ಹಿರಿಯ ಓದುಗ