ಪಾಸ್‌ವರ್ಡ್ ಇಟ್ಟವನಿಗೆ

ಪ್ರಿಯ ಮಂಡಕ್ಕಿ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ. ಇಲ್ಲಾದರೆ ನಾಲ್ಕು ಜನರ ಎದುರು ಸುಮ್ಮನೆ ಓದಲೇಬೇಕು. ಛತ್ರಿಯ ಸಂಗತಿ ಎತ್ತುವುದಿಲ್ಲ, ಹೆದರಬೇಡ.

ಮೊನ್ನೆ ರಾತ್ರಿ 'ಟ್ಯೂನ್ ಇನ್ ಫಾರ್ ಲವ್' ಎಂಬ ಕೊರಿಯನ್ ಸಿನಿಮಾ ನೋಡಿದೆ. 2019ರದ್ದು. ಮುಂದೆ ಆಸ್ಕರ್ ಗೆದ್ದ ಕೊರಿಯನ್ ಸಿನಿಮಾ 'ಪ್ಯಾರಸೈಟ್' ಅದೇ ವರ್ಷ ಬಂದದ್ದರಿಂದಲೋ ಏನೋ, ಇದರ ಹೆಸರೆತ್ತಿದವರು ನನಗಂತೂ ಸಿಕ್ಕಿಲ್ಲ.

1994ರ ಅಕ್ಟೋಬರ್ 1. ಸೋಲ್ ನಗರದ ಪುಟ್ಟ ಬೇಕರಿ. ಗಾಯಕ ಯೂ ಯೋಲ್ ರೇಡಿಯೋದಲ್ಲಿ ಹೊಸ ಕಾರ್ಯಕ್ರಮ ಶುರುಮಾಡಿದ ದಿನ. ಒಳಗೆ ಬಂದ ಹುಡುಗ ಹ್ಯೂನ್‌ವೂ ಸೋಯಾದಿಂದ ಮಾಡಿದ್ದೇನಾದರೂ ಇದೆಯೇ ಎಂದು ಕೇಳುತ್ತಾನೆ, ಬೇಕರಿಯಲ್ಲಿ! ಸೆರೆಯಿಂದ ಬಿಡುಗಡೆಯಾದವರಿಗೆ ತೋಫು, ಅಂದರೆ ಸೋಯಾ ಪನೀರ್, ತಿನ್ನಿಸುವುದು ಅಲ್ಲಿನ ವಾಡಿಕೆ. ಈ ಹುಡುಗನಿಗೆ ತಿನ್ನಿಸುವವರಿಲ್ಲ, ತಾನೇ ಹುಡುಕಿಕೊಂಡು ಬಂದಿದ್ದಾನೆ. ಬೇಕರಿಯ ಹುಡುಗಿ ಮಿಸು. ಮುಂದೆ ಹನ್ನೊಂದು ವರ್ಷ ಇಬ್ಬರೂ ಸಿಗುತ್ತಾರೆ, ಕೈತಪ್ಪುತ್ತಾರೆ. ಕೊನೆಗೆ ಅವನನ್ನು ಕಾರಿನ ಹಿಂದೆ ಅಷ್ಟು ದೂರ ಓಡಿಸಬೇಕಿರಲಿಲ್ಲ, ಅದಿರಲಿ.

1997ರಲ್ಲಿ ಅವನು ಸೈನ್ಯಕ್ಕೆ ಹೊರಡುವ ಮುನ್ನ ಅವಳು ಅವನಿಗೊಂದು ಇಮೇಲ್ ಖಾತೆ ತೆರೆದುಕೊಡುತ್ತಾಳೆ. ಪಾಸ್‌ವರ್ಡ್ ಹೇಳುವುದನ್ನೇ ಮರೆಯುತ್ತಾಳೆ. ಆಮೇಲೆ ಅದಕ್ಕೇ ಪತ್ರ ಬರೆಯುತ್ತಾಳೆ.

ಇಲ್ಲಿ ನಾನು ಸಿನಿಮಾ ನಿಲ್ಲಿಸಿ, ಎದ್ದು ಹೋಗಿ ನೀರು ಕುಡಿದೆ.

ಬಸ್ ನಿಲ್ದಾಣದ ಎದುರಿನ ಸೈಬರ್ ಕೆಫೆಯಲ್ಲಿ ನನಗೆ ಇಮೇಲ್ ಮಾಡಿಕೊಟ್ಟವನು ನೀನು. ನಾನು ಇಷ್ಟಪಟ್ಟಿದ್ದ ಹುಡುಗಿ ಊರು ಬಿಟ್ಟ ಮೇಲೆ 'ಏನಾದರೂ ಬಂತೇನೋ?' ಎಂದು ನೀನು ಕೇಳಿದಾಗಲೆಲ್ಲ ಇಲ್ಲ ಎಂದಿದ್ದೆ. ಬಂದಿತ್ತು. ಮೂರೇ ಸಾಲು. ಓದಿ, 'ಓದಿಲ್ಲ' ಎಂದು ಗುರುತು ಹಾಕಿಟ್ಟೆ. ಆಮೇಲೆ ಎಷ್ಟು ಸಲ ತೆರೆದರೂ ಮುಚ್ಚುವಾಗ ಮತ್ತೆ ಅದೇ ಗುರುತು. ದಪ್ಪಕ್ಷರದಲ್ಲಿ ಇರುವಷ್ಟು ದಿನ ಉತ್ತರ ಕೊಡದಿದ್ದರೆ ತಪ್ಪಿಲ್ಲ ಎಂಬ ಲೆಕ್ಕ ನನ್ನದು. ಹೊಂದಿಬರಲಿಲ್ಲ, ಕಾಲ ಕೂಡಿಬರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದೆನಲ್ಲ, ಕಾಲ ಮೂರು ಸಾಲು ಬರೆದು ಕಳಿಸಿಯೇ ಇತ್ತು. ನೀನೋ, ಪಾಪ, ನನ್ನನ್ನು ಸಮಾಧಾನ ಮಾಡಲು ಮಸಾಲೆ ದೋಸೆ ಕೊಡಿಸಿದೆ. ಎರಡು ಸಲ. ಎರಡೂ ಸಲ ನಾನು ಚಟ್ನಿ ಮತ್ತೆ ಹಾಕಿಸಿಕೊಂಡೆ.

ಸಿನಿಮಾ ಚೆನ್ನಾಗಿದೆ, ನೋಡು ಎಂದಷ್ಟೇ ಬರೆಯಲು ಕುಳಿತವನು ನಾನು. ದೋಸೆಯ ಬಾಕಿಯನ್ನು ಬಡ್ಡಿಸಮೇತ ತೀರಿಸುತ್ತೇನೆ. ಓದುತ್ತಿರುವ ಉಳಿದವರು ಒಂದು ಕ್ಷಣ ಆಚೆ ನೋಡಿ: ಮಂಡಕ್ಕಿ, ಆ ಪಾಸ್‌ವರ್ಡನ್ನು ನಾನು ಈವರೆಗೂ ಬದಲಾಯಿಸಿಲ್ಲ. ಇಟ್ಟವನು ನೀನೇ. ಈ ನಡುವೆ ನೀನೇನಾದರೂ ಒಳಗೆ ಹೋಗಿ...

ಬೇಡ, ಹೇಳಬೇಡ.

ನಿನ್ನ,
ಅರ್ಧ ಟಿಕೆಟ್