ಸ್ಟೆಂಟ್ ಹಾಕಿದಲ್ಲೇ ರಕ್ತನಾಳ ಮತ್ತೆ ಕಿರಿದಾಗುವುದರ ಬಗ್ಗೆ
ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಸ್ಟೆಂಟ್ ಹಾಕಿದ ಜಾಗದಲ್ಲೇ ರಕ್ತನಾಳ ಮತ್ತೆ ಕಿರಿದಾಗುವುದೇಕೆ ಎಂಬ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಈ ಟಿಪ್ಪಣಿ. ಬಲೂನ್ ಉಬ್ಬಿಸಿ ಸ್ಟೆಂಟನ್ನು, ಅಂದರೆ ಹೃದಯದ ನಾಳವನ್ನು ತೆರೆದಿಡುವ ಲೋಹದ ಜಾಲರಿಯನ್ನು, ನಾಳದ ಗೋಡೆಗೆ ಒತ್ತಿ ಕೂರಿಸುವಾಗ ಒಳಪದರಕ್ಕೆ ಗಾಯವಾಗುತ್ತದೆ. ಅದು ಮಾಯುವ ಭರದಲ್ಲಿ ಗೋಡೆಯ ಸ್ನಾಯುಕೋಶಗಳು ಅತಿಯಾಗಿ ಬೆಳೆದು, ಜಾಲರಿಯ ಕಣ್ಣುಗಳ ಮೂಲಕ ಒಳನುಗ್ಗಿ, ರಕ್ತದ ದಾರಿಯನ್ನು ಇಕ್ಕಟ್ಟಾಗಿಸುತ್ತವೆ. ಮೊದಲ ವರ್ಷದಲ್ಲಿ ಕಾಣುವುದು ಹೆಚ್ಚಾಗಿ ಇದೇ ಹೊರತು ಹಳೆಯ ಕೊಬ್ಬು ಮರಳಿ ಬಂದದ್ದಲ್ಲ; ವರ್ಷಗಳು ಕಳೆದ ಮೇಲೆ ಸ್ಟೆಂಟಿನೊಳಗೇ ಹೊಸದಾಗಿ ಕೊಬ್ಬು ಕಟ್ಟುವುದೂ ಉಂಟು. ಈ ಕೋಶಗಳ ಬೆಳವಣಿಗೆ ತಡೆಯುವ ಔಷಧಿಯ ಲೇಪವಿಲ್ಲದ ಸ್ಟೆಂಟ್‌ಗಳಲ್ಲಿ ಶೇ. 20ರಿಂದ 30ರಷ್ಟಿದ್ದ ಈ ತೊಂದರೆ, ಲೇಪಿತ ಸ್ಟೆಂಟ್‌ಗಳಲ್ಲಿ ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆ. ಮಧುಮೇಹ, ಸಣ್ಣ ನಾಳ, ಉದ್ದನೆಯ ಸ್ಟೆಂಟ್ ಇದ್ದಲ್ಲಿ ಸಾಧ್ಯತೆ ಹೆಚ್ಚು. ಆದರೆ ರೋಗಿಗಳು ಅಷ್ಟಾಗಿ ಕೇಳದ, ಕೇಳಲೇಬೇಕಾದ ಕಾರಣವೊಂದಿದೆ: ಸುಣ್ಣಗಟ್ಟಿದ ನಾಳದಲ್ಲಿ ಸ್ಟೆಂಟ್ ಪೂರ್ತಿ ಅರಳದೆ ಉಳಿದಿರುವುದು.

ಆದ್ದರಿಂದ ಮರುಚಿಕಿತ್ಸೆಗೆ ಮುನ್ನ ನಾಳದೊಳಗೇ ಅಲ್ಟ್ರಾಸೌಂಡ್ ಅಥವಾ ಓಸಿಟಿ (ಬೆಳಕಿನ ಕಿರಣದಿಂದ ನಾಳದ ಒಳಗಿನ ಚಿತ್ರ ತೆಗೆಯುವ ಪರೀಕ್ಷೆ) ಮಾಡಿ ಕಾರಣ ನೋಡುವುದು ಒಳ್ಳೆಯದು. ಅರಳದ ಸ್ಟೆಂಟನ್ನು ಅಧಿಕ ಒತ್ತಡದ ಬಲೂನಿನಿಂದ ಹಿಗ್ಗಿಸುತ್ತಾರೆ. ಅಂಗಾಂಶವೇ ಬೆಳೆದಿದ್ದರೆ ಇನ್ನೊಂದು ಲೇಪಿತ ಸ್ಟೆಂಟ್ ಹಾಕಬಹುದು, ಇಲ್ಲವೇ ಔಷಧಿ ಲೇಪಿತ ಬಲೂನನ್ನು ಅರ್ಧದಿಂದ ಒಂದು ನಿಮಿಷ ಒತ್ತಿಹಿಡಿದು, ಮತ್ತೊಂದು ಲೋಹದ ಪದರ ಸೇರಿಸದೆಯೇ ಗೋಡೆಗೆ ಔಷಧಿ ಉಣಿಸಬಹುದು. ಅಮೆರಿಕದಲ್ಲಿ ಹೃದಯದ ನಾಳಗಳಿಗೆ ಇಂಥ ಬಲೂನಿಗೆ ಅನುಮತಿ ದೊರೆತದ್ದು 2024ರಲ್ಲಷ್ಟೇ. ಹಲವು ನಾಳಗಳಲ್ಲಿ ಮರುಕಳಿಸಿದರೆ ಬೈಪಾಸ್ ಪರಿಗಣಿಸುತ್ತಾರೆ.

ನಡೆಯುವಾಗ ಎದೆಬಿಗಿತ ಮರಳಿದರೆ ವೈದ್ಯರಿಗೆ ಕೂಡಲೇ ತಿಳಿಸಿ. ಕುಳಿತಲ್ಲೇ ನೋವು ಬಂದರೆ ತುರ್ತು ಚಿಕಿತ್ಸೆಗೆ ಹೋಗಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.