ಬರುವ ಚಿತ್ರಗಳು ಘಟ್ಟ ಹತ್ತಿ ಕೊಡಗಿಗೂ ಬರಲಿ

ಮಾನ್ಯ ಸಂಪಾದಕರಿಗೆ,

2026ರಲ್ಲಿ ತೆರೆಗೆ ಬರಲಿರುವ ಚಿತ್ರಗಳ ಕುರಿತು ತಮ್ಮ ಪತ್ರಿಕೆಯ ಸಿನಿಮಾ ಪುಟದಲ್ಲಿ ಬರುತ್ತಿರುವ ವರದಿಗಳನ್ನು ಆಸಕ್ತಿಯಿಂದ ಓದುತ್ತಿರುವ ಸಾವಿರಾರು ಓದುಗರಲ್ಲಿ ನಾನೂ ಒಬ್ಬ. ಅವುಗಳಲ್ಲಿ ಕೆಲವು ಚಿತ್ರಗಳಿಗಾಗಿ ನಾನೇಕೆ ಇಷ್ಟು ಆಸೆಯಿಂದ ಕಾಯುತ್ತಿದ್ದೇನೆ ಎಂಬುದನ್ನೂ, ಅವುಗಳನ್ನು ನಮ್ಮ ಜಿಲ್ಲೆಯಲ್ಲಿಯೇ ದೊಡ್ಡ ಪರದೆಯ ಮೇಲೆ ನೋಡುವಂತಾಗಬೇಕು ಎಂಬ ಕೋರಿಕೆಯನ್ನೂ ವಿತರಕರು ಹಾಗೂ ಚಿತ್ರಮಂದಿರಗಳ ಮಾಲೀಕರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಯಶ್ ನಟಿಸಿರುವ ‘ಟಾಕ್ಸಿಕ್’ ಮಾರ್ಚ್ 19ರಂದು, ಅಂದರೆ ಯುಗಾದಿಯ ದಿನವೇ ಬಿಡುಗಡೆಯಾಗಲಿದೆ ಎಂದು ಚಿತ್ರತಂಡ ಘೋಷಿಸಿತ್ತು. ಮೊದಲು 2025ರ ಏಪ್ರಿಲ್ 10 ಎಂದಿದ್ದ ದಿನಾಂಕ ಸುಮಾರು ಒಂದು ವರ್ಷ ಮುಂದಕ್ಕೆ ಹೋದಾಗ ಅಭಿಮಾನಿಗಳಿಗೆ ಬೇಸರವಾದದ್ದು ಸಹಜ. 2022ರ ಏಪ್ರಿಲ್‌ನಲ್ಲಿ ‘ಕೆಜಿಎಫ್’ನ ಎರಡನೆಯ ಭಾಗ ಬಂದ ಮೇಲೆ ಅವರ ಬೇರೆ ಚಿತ್ರ ತೆರೆ ಕಂಡಿಲ್ಲ. ಆದರೂ ನನ್ನ ಕುತೂಹಲ ನಾಯಕನಿಗಿಂತ ಹೆಚ್ಚಾಗಿ ನಿರ್ದೇಶಕಿ ಗೀತು ಮೋಹನ್‌ದಾಸ್ ಅವರ ಮೇಲಿದೆ. ಕಾಣೆಯಾದ ಗಂಡನನ್ನು ಹುಡುಕಿಕೊಂಡು ಪುಟ್ಟ ಮಗಳೊಡನೆ ಹಿಮಾಲಯದ ಹಳ್ಳಿಯಿಂದ ಹೊರಡುವ ಹೆಣ್ಣಿನ ಕಥೆಯನ್ನು ‘ಲಯರ್ಸ್ ಡೈಸ್’ನಲ್ಲಿ ಅತಿ ಕಡಿಮೆ ಮಾತುಗಳಲ್ಲಿ ಹೇಳಿದವರು ಅವರು, ಆ ಚಿತ್ರ ಭಾರತದ ಅಧಿಕೃತ ಪ್ರವೇಶವಾಗಿ ಆಸ್ಕರ್‌ಗೆ ಹೋಗಿತ್ತು. ಅಷ್ಟು ಸಣ್ಣ ಬಂಡವಾಳದಲ್ಲಿ ಅಷ್ಟು ಸೂಕ್ಷ್ಮವಾಗಿ ಕೆಲಸ ಮಾಡಿದ ನಿರ್ದೇಶಕಿಯ ಕೈಗೆ ಕನ್ನಡದ ಅತಿ ದೊಡ್ಡ ತಾರೆಯೊಬ್ಬರು ತಮ್ಮನ್ನು ಒಪ್ಪಿಸಿಕೊಂಡಿದ್ದಾರೆ ಎಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಎರಡು ಭಾಷೆಗಳಲ್ಲೂ ಚಿತ್ರೀಕರಿಸಿರುವ ಈ ಚಿತ್ರವನ್ನು ಕನ್ನಡದಲ್ಲಿಯೇ ನೋಡಬೇಕೆಂಬುದು ನನ್ನ ನಿಶ್ಚಯ. ಯುಗಾದಿಯ ಹೊತ್ತಿಗೆ ಕೊಡಗಿನಲ್ಲಿ ಕಾಫಿ ಕೊಯ್ಲು ಬಹುಮಟ್ಟಿಗೆ ಮುಗಿದು, ಕಣದಲ್ಲಿ ಒಣಗಿದ ಕಾಫಿ ಚೀಲ ಸೇರಿ, ತೋಟದವರೆಲ್ಲ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗಾಗಿ ಮುಗಿಲು ನೋಡುತ್ತಿರುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಸಿನಿಮಾಕ್ಕೆ ಹೋಗಲು ವರ್ಷದಲ್ಲಿ ನಮಗೆ ಇದಕ್ಕಿಂತ ಅನುಕೂಲದ ಕಾಲ ಇನ್ನೊಂದಿಲ್ಲ.

ದೀಪಾವಳಿಗೆ ‘ರಾಮಾಯಣ’ದ ಮೊದಲ ಭಾಗ, 2027ರ ದೀಪಾವಳಿಗೆ ಎರಡನೆಯ ಭಾಗ ಎಂದು ಪ್ರಕಟಿಸಲಾಗಿದೆ. ನಿತೇಶ್ ತಿವಾರಿ ನಿರ್ದೇಶನದ ಈ ಹಿಂದಿ ಚಿತ್ರದಲ್ಲಿ ರಣಬೀರ್ ಕಪೂರ್ ರಾಮನಾಗಿ, ಸಾಯಿ ಪಲ್ಲವಿ ಸೀತೆಯಾಗಿ, ಯಶ್ ರಾವಣನಾಗಿ ಕಾಣಿಸಿಕೊಳ್ಳುತ್ತಿದ್ದಾರೆ, ಎ.ಆರ್. ರೆಹಮಾನ್ ಮತ್ತು ಹಾನ್ಸ್ ಜಿಮ್ಮರ್ ಸಂಗೀತ ನೀಡುತ್ತಿದ್ದಾರೆ. ಕನ್ನಡಿಗನೊಬ್ಬ ರಾವಣನ ಪಾತ್ರ ಮಾಡುವಾಗ ನಮ್ಮ ನಿರೀಕ್ಷೆ ಬೇರೆಯೇ ಆಗಿರುತ್ತದೆ, ಏಕೆಂದರೆ ರಾವಣನನ್ನು ಬರೀ ದುಷ್ಟನೆಂದು ನೋಡುವ ಅಭ್ಯಾಸ ಕನ್ನಡ ಕಾವ್ಯಕ್ಕಿಲ್ಲ. ನಾಗಚಂದ್ರನ ರಾವಣ ಸೀತೆಯ ದುಃಖವನ್ನು ಕಂಡು ಪಶ್ಚಾತ್ತಾಪಪಡುತ್ತಾನೆ. ಕುವೆಂಪು ಅವರ ಮಹಾಕಾವ್ಯದಲ್ಲಿಯೂ ಅವನ ಆತ್ಮಕ್ಕೆ ಬಿಡುಗಡೆಯ ದಾರಿಯಿದೆ. ಯಕ್ಷಗಾನದ ರಂಗದಲ್ಲಿ ರಾವಣನ ಒಡ್ಡೋಲಗಕ್ಕೆ ಕಾದು ಕೂರುವ ಪ್ರೇಕ್ಷಕರನ್ನು ಕರಾವಳಿಯವರೆಲ್ಲ ಬಲ್ಲರು. ಈ ಪರಂಪರೆಯ ಒಂದು ಎಳೆಯಾದರೂ ಯಶ್ ಅವರ ಅಭಿನಯದಲ್ಲಿ ಕಾಣಲಿ, ಕನ್ನಡ ಅವತರಣಿಕೆಗೆ ಅವರೇ ದನಿ ನೀಡಲಿ ಎಂದು ಮನಸಾರೆ ಆಶಿಸುತ್ತೇನೆ.

ರಕ್ಷಿತ್ ಶೆಟ್ಟಿ ಅವರ ‘ರಿಚರ್ಡ್ ಆಂಟನಿ’ 2021ರಲ್ಲಿ ಘೋಷಣೆಯಾದ ಚಿತ್ರ. ಮಲ್ಪೆಯ ಬಂದರನ್ನೂ ಅಲ್ಲಿನ ಕನ್ನಡವನ್ನೂ ತೆರೆಗೆ ತಂದ ‘ಉಳಿದವರು ಕಂಡಂತೆ’ಯನ್ನು 2014ರಲ್ಲಿ ನೋಡಿ ಮೆಚ್ಚಿದವರು, ಅದರಲ್ಲಿ ರಕ್ಷಿತ್ ಅವರೇ ಮಾಡಿದ್ದ ರಿಚ್ಚಿ ಎಂಬ ಪಾತ್ರದ ಕಥೆ ಮುಂದುವರಿಯುವುದನ್ನು ತಾಳ್ಮೆಯಿಂದ ಕಾಯುತ್ತಲೇ ಇದ್ದಾರೆ. ತಡವಾದರೂ ಚಿಂತೆಯಿಲ್ಲ, ಅವಸರದಲ್ಲಿ ಮುಗಿಸಿದ ಚಿತ್ರ ನಮಗೆ ಬೇಡ.

ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ನೋಡಬಯಸುವ ಚಿತ್ರ ನಟೇಶ್ ಹೆಗಡೆ ಅವರ ‘ವಾಘಾಚಿಪಾಣಿ’. ಉತ್ತರ ಕನ್ನಡದ ಮಲೆನಾಡಿನಿಂದ ಬಂದ ಈ ಯುವ ನಿರ್ದೇಶಕರ ಕನ್ನಡ ಚಿತ್ರ 2025ರ ಫೆಬ್ರುವರಿಯಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಅಚ್ಯುತ್ ಕುಮಾರ್ ಮತ್ತು ಮಲಯಾಳದ ದಿಲೀಶ್ ಪೋತನ್ ಅದರಲ್ಲಿದ್ದಾರೆ. ನಮ್ಮಂತೆಯೇ ಕಾಡಿನ ಅಂಚಿನಲ್ಲಿ, ಮಳೆಯ ನಡುವೆ ಬದುಕುವ ಜನರ ಚಿತ್ರವನ್ನು ಬರ್ಲಿನ್‌ನವರು ನೋಡಿಯಾಯಿತು, ಅದು ಮಡಿಕೇರಿಗೆ, ವಿರಾಜಪೇಟೆಗೆ ಬರುವುದು ಎಂದು?

ಈ ಪ್ರಶ್ನೆಯೇ ಪತ್ರದ ಮುಖ್ಯ ವಿಷಯ. ನಮ್ಮ ಜಿಲ್ಲೆಯಲ್ಲಿ ಪರದೆಗಳ ಸಂಖ್ಯೆ ಬೆರಳೆಣಿಕೆಯಷ್ಟು. ದೊಡ್ಡ ತಾರೆಯ ಚಿತ್ರ ಬಂದಾಗ ಎಲ್ಲ ಪ್ರದರ್ಶನಗಳನ್ನೂ ಅದೇ ತುಂಬಿಕೊಳ್ಳುತ್ತದೆ. ಸಣ್ಣ ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಆಟ, ಅದೂ ಮುಂದಿನ ಶುಕ್ರವಾರದವರೆಗೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್ ದೂರದಲ್ಲಿದೆ, ಜಿಲ್ಲೆಗೆ ರೈಲು ಸಂಪರ್ಕವಿಲ್ಲ. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶಕ್ಕೆ ಹೈಕೋರ್ಟ್ ಮಧ್ಯಂತರ ತಡೆ ನೀಡಿದ್ದರ ಬಗ್ಗೆ ನಗರಗಳಲ್ಲಿ ಸಾಕಷ್ಟು ಚರ್ಚೆಯಾಯಿತು. ನಮ್ಮ ಕಷ್ಟ ಬೇರೆಯದು. ಟಿಕೆಟ್ಟಿಗಿಂತ ಹಲವು ಪಟ್ಟು ಹಣ ಬಾಡಿಗೆ ಜೀಪಿಗೆ ಹೋಗುತ್ತದೆ. ಸಂಜೆಯ ಆಟಕ್ಕೆ ಹೋದ ನಾಪೋಕ್ಲು, ಭಾಗಮಂಡಲ ಕಡೆಯವರು ಕೊನೆಯ ಬಸ್ಸು ತಪ್ಪೀತೆಂಬ ಆತಂಕದಲ್ಲಿ, ಕ್ಲೈಮ್ಯಾಕ್ಸ್ ಆರಂಭವಾಗುವ ಹೊತ್ತಿಗೆ ಮಕ್ಕಳ ಕೈ ಹಿಡಿದು, ಕೊಡೆ ಎತ್ತಿಕೊಂಡು, ಕತ್ತಲಲ್ಲಿ ಮೆಟ್ಟಿಲು ತಡಕುತ್ತಾ ಎದ್ದು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಥೆ ಹೇಗೆ ಮುಗಿಯಿತೆಂದು ಅವರು ಮರುದಿನ ಅಂಗಡಿ ಮುಂದೆ ಬೇರೆಯವರನ್ನು ಕೇಳಿ ತಿಳಿಯಬೇಕು.

ಹಿಂದೆ ರೀಲಿನ ಡಬ್ಬಿಗಳು ದೊಡ್ಡ ಊರುಗಳಲ್ಲಿ ಓಡಿ ಸವೆದ ಮೇಲೆ ನಮ್ಮಂಥ ಸಣ್ಣ ಊರುಗಳಿಗೆ ಬರುತ್ತಿದ್ದವು. ಡಿಜಿಟಲ್ ಪ್ರದರ್ಶನ ಬಂದ ಮೇಲೆ ಆ ಅಡ್ಡಿ ಇಲ್ಲವಾಗಿ, ಬೆಂಗಳೂರಿನ ದಿನವೇ ಮಡಿಕೇರಿಯಲ್ಲೂ ಬಿಡುಗಡೆ ಸಾಧ್ಯವಾಯಿತು. ಆದರೆ ಪ್ರತಿ ಪರದೆಗೂ ನಿರ್ಮಾಪಕರು ಡಿಜಿಟಲ್ ಸೇವಾ ಸಂಸ್ಥೆಗೆ ಶುಲ್ಕ ಕಟ್ಟಬೇಕಾಗಿರುವುದರಿಂದ, ಕೈಯಲ್ಲಿ ಹಣವಿಲ್ಲದ ಸಣ್ಣ ನಿರ್ಮಾಪಕರು ನಮ್ಮ ಜಿಲ್ಲೆಯನ್ನು ಕೈಬಿಡುವುದೇ ಲಾಭವೆಂದು ಲೆಕ್ಕ ಹಾಕುತ್ತಾರೆ. ಕೊಡವ ಭಾಷೆಯ ಚಿತ್ರಗಳ ಪಾಡಂತೂ ಹೇಳತೀರದು. 1972ರಲ್ಲಿ ‘ನಾಡ ಮಣ್ಣ್ ನಾಡ ಕೂಳ್’ ಬಂದು ಅರ್ಧ ಶತಮಾನ ದಾಟಿದರೂ, ಇಂದು ಕೊಡವ ಚಿತ್ರ ಮಾಡಿದವರು ಅದನ್ನು ಕೊಡವ ಸಮಾಜದ ಸಭಾಂಗಣಗಳಲ್ಲಿ ತಾವೇ ಪರದೆ ಕಟ್ಟಿ ತೋರಿಸಬೇಕಾದ ಸ್ಥಿತಿಯಿದೆ. ಸಹಾಯಧನ ಪಡೆದು ತಯಾರಾದ ಚಿತ್ರವನ್ನು ಆ ಭಾಷೆಯಾಡುವ ಜನರಿಗೆ ಮುಟ್ಟಿಸುವ ವ್ಯವಸ್ಥೆಯೂ ಸರ್ಕಾರದ ಹೊಣೆಯೇ ಅಲ್ಲವೇ?

ಆದ್ದರಿಂದ ಚಿತ್ರಮಂದಿರಗಳ ಮಾಲೀಕರಲ್ಲಿ ನನ್ನ ವಿನಂತಿಯೆಂದರೆ, ವಾರದಲ್ಲಿ ಒಂದು ಬೆಳಗಿನ ಆಟವನ್ನಾದರೂ ಸಣ್ಣ ಕನ್ನಡ ಚಿತ್ರಗಳಿಗೂ ಕೊಡವ ಚಿತ್ರಗಳಿಗೂ ಮೀಸಲಿಡಬೇಕು. ಸಂಜೆಯ ಆಟವನ್ನು ಅರ್ಧ ಗಂಟೆ ಮೊದಲೇ ಆರಂಭಿಸಿದರೆ ಹಳ್ಳಿಯವರೂ ಪೂರ್ತಿ ಚಿತ್ರ ನೋಡಿ ಬಸ್ಸು ಹಿಡಿಯಬಹುದು. ಕರ್ನಾಟಕ ಚಲನಚಿತ್ರ ಅಕಾಡೆಮಿಯು ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೋರಿಸುವ ಕನ್ನಡ ಚಿತ್ರಗಳಲ್ಲಿ ಕೆಲವನ್ನು ಮಡಿಕೇರಿಗೂ ತರಬೇಕು. ತಮ್ಮಲ್ಲಿಯೂ ಒಂದು ಕೋರಿಕೆಯಿದೆ: ಜಿಲ್ಲೆಯ ಯಾವ ಚಿತ್ರಮಂದಿರದಲ್ಲಿ ಯಾವ ಚಿತ್ರ, ಎಷ್ಟು ಗಂಟೆಗೆ ಎಂಬ ವಿವರವನ್ನು ಪ್ರತಿ ಶುಕ್ರವಾರ ಕೊಡಗಿನ ಪುಟದಲ್ಲಿ ಪ್ರಕಟಿಸಿದರೆ, ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದಿಂದ ಹೊರಡುವ ನಮಗೆ ಬಹಳ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ,
ಒಬ್ಬ ಚಿತ್ರಪ್ರೇಮಿ, ಸಣ್ಣ ಕಾಫಿ ಬೆಳೆಗಾರ
ನಾಪೋಕ್ಲು, ಕೊಡಗು